ಊರೊಳಗಿನ ಜೇನಿಗೆ ಎಂಥ ನಿಯಮ ಬೇಕು?

ಮಂಡ್ಯದ ಸೀಮೆಯನ್ನು ನಾವು ಸಕ್ಕರೆಯ ನಾಡೆನ್ನುತ್ತೇವೆ. ಜೇನುನೊಣದ ಪಾಲಿಗಾದರೋ ವಿಶ್ವೇಶ್ವರಯ್ಯ ನಾಲೆಯ ಬಯಲು ಹೆಚ್ಚುಕಡಮೆ ಬರಗಾಲದ ಸೀಮೆಯೇ ಸರಿ. ಕಬ್ಬೂ ಬತ್ತವೂ ಹುಲ್ಲಿನ ಜಾತಿಗೆ ಸೇರಿದವು; ಅವುಗಳ ಹೂವಿನಲ್ಲಿ ಮಕರಂದವಿರುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಹಿತ್ತಿಲಿನ ತೆಂಗು, ನುಗ್ಗೆ, ಬೀದಿಬದಿಯ ಹೊಂಗೆ, ನೇರಳೆಗಳು ಅದಕ್ಕೆ ದೊಡ್ಡ ಆಸರೆ. ಆದುದರಿಂದ ಜೇನು ಊರೊಳಕ್ಕೆ ಬರುವುದೂ ಆಸಕ್ತರು ಮನೆಯಂಗಳದಲ್ಲಿ ಪೆಟ್ಟಿಗೆ ಇಡುವುದೂ ಸಹಜ. ನೆರೆಯವರ ಆಕ್ಷೇಪಣೆಯೂ ಅಷ್ಟೇ ಸಹಜ.

ನಮ್ಮ ಬೀದಿಯಲ್ಲಿ ಒಮ್ಮೆ ನೀರಿನ ತೊಟ್ಟಿಯ ಅಡಿಯಲ್ಲಿ ಕಟ್ಟಿದ್ದ ಹೆಜ್ಜೇನು ಕೆರಳಿ ನಾಲ್ವರನ್ನು ಕಡಿಯಿತು. ಮರುದಿನ ಜನರು ತೆಗೆಸಹೊರಟುದು ಪಕ್ಕದ ಮನೆಯ ತುಡುವೆಜೇನಿನ ಪೆಟ್ಟಿಗೆಯನ್ನು! ಹೆಜ್ಜೇನು ಬಯಲಿನಲ್ಲಿ ಒಂದೇ ಎರಿಯನ್ನು ಇಳಿಬಿಡುವ ಕಾಡುಜೀವಿ. ಅದನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ತುಡುವೆಯು ಕತ್ತಲೆಯ ಪೊಟರೆಯಲ್ಲಿ ಸಾಲಾಗಿ ಹಲವು ಎರಿಗಳನ್ನು ಕಟ್ಟುವುದರಿಂದಲೇ ಪೆಟ್ಟಿಗೆಗೆ ಒಗ್ಗಿದೆ. ಇವೆರಡನ್ನೂ ಒಂದೇ ಎಂದು ಎಣಿಸುವ ನಿಯಮದಿಂದ ಯಾರಿಗೂ ರಕ್ಷಣೆ ದೊರೆಯದು.

ಬೇಸಗೆಯಲ್ಲಿ ನೆರೆಮನೆಯ ನಲ್ಲಿಗೆ ಜೇನು ಮುತ್ತುತ್ತದೆಂಬ ದೂರು ಉಂಟಷ್ಟೆ. ಇದರ ಹಿಂದಿರುವುದು ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಗುಪ್ತೋಷ್ಣವೇ. ಮರಿಗಳಿರುವ ಎರಿಯ ಉಷ್ಣತೆಯನ್ನು ನೊಣಗಳು ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಬೇಕು. ಏಪ್ರಿಲ್ ತಿಂಗಳ ಬಿಸಿಲಿಗೆ ಅದು ಏರತೊಡಗಿದೊಡನೆ ಅವು ನೀರನ್ನು ತಂದು ಎರಿಯ ಮೇಲೆ ತೆಳುವಾಗಿ ಸವರಿ, ರೆಕ್ಕೆಗಳಿಂದ ಗಾಳಿ ಬೀಸುತ್ತವೆ. ಆ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆ. ನಮ್ಮ ಮಣ್ಣಿನ ಹೂಜಿ ತಣ್ಣಗಿರುವುದೂ ಹೀಗೆಯೇ. ಪೆಟ್ಟಿಗೆಯ ಬಳಿಯಲ್ಲೇ ಹರಳುಕಲ್ಲು ಹಾಕಿದ ತಟ್ಟೆಯಲ್ಲಿ ಸದಾ ನೀರಿರಬೇಕೆಂಬುದು ನನ್ನ ಮೊದಲ ನಿಯಮ. ಅದನ್ನು ಬೇಸಗೆಗೆ ಮುಂಚೆಯೇ ಇಡಬೇಕು. ನಲ್ಲಿಯ ರೂಢಿ ಬಿದ್ದ ಮೇಲೆ ನೊಣಗಳನ್ನು ತಿರುಗಿಸುವುದು ಕಷ್ಟ.

ಎರಡನೆಯದು ಹಾರುವ ದಾರಿ. ಪೆಟ್ಟಿಗೆಯ ಮುಂದೆ ಆಳೆತ್ತರಕ್ಕೂ ಮಿಗಿಲಾದ ಬೇಲಿಯಿದ್ದರೆ ನೊಣ ಮೇಲೇರಿ, ದಾರಿಹೋಕರ ತಲೆಯ ಮೇಲಿನಿಂದ ಹಾದುಹೋಗುತ್ತದೆ. ಇಂತಿಷ್ಟು ಗಜ ದೂರವಿರಬೇಕೆಂಬ ಕಟ್ಟಳೆಗಿಂತ ಇದು ಮೇಲು. ನಮ್ಮ ಇಕ್ಕಟ್ಟಾದ ಬೀದಿಗಳಲ್ಲಿ ಆ ದೂರ ದೊರೆಯುವುದಾದರೂ ಎಲ್ಲಿ?

ನ್ಯೂಯಾರ್ಕ್ ನಗರವು 1999ರಲ್ಲಿ ಜೇನುಸಾಕಣೆಯನ್ನು ನಿಷೇಧಿಸಿತ್ತು. 2010ರಲ್ಲಿ ನಿಷೇಧವನ್ನು ತೆಗೆದು, ಪೆಟ್ಟಿಗೆಯ ಮಾಹಿತಿಯನ್ನು ಆರೋಗ್ಯ ಇಲಾಖೆಗೆ ಸಲ್ಲಿಸಬೇಕು, ನೀರೊದಗಿಸಬೇಕು ಎಂದು ವಿಧಿಸಿತು. ನಮ್ಮಲ್ಲಿಯೂ ಪೌರಾಡಳಿತದ ಬಳಿ ಪೆಟ್ಟಿಗೆಗಳ ಪಟ್ಟಿಯಿರುವುದು ಲೇಸು. 1991ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರವಾಗಿ ನಾಶಗೊಳಿಸಿತು. ಪೆಟ್ಟಿಗೆ ಎಲ್ಲೆಲ್ಲಿದೆಯೆಂದು ತಿಳಿಯದೆ ಅಂಥ ರೋಗವನ್ನು ತಡೆಯುವುದೆಂತು?

ಒಂದು ಮಾತನ್ನು ಮಾತ್ರ ಜೇನುಸಾಕುವವರು ಒಪ್ಪಲೇಬೇಕು. ಕೆಲವರಿಗೆ ಒಂದೇ ಕಡಿತವೂ ಪ್ರಾಣಾಂತಕವಾಗಬಹುದು. ನೆರೆಮನೆಯಲ್ಲಿ ಅಂಥವರಿದ್ದರೆ ಪೆಟ್ಟಿಗೆಯೇ ಸ್ಥಳ ಬಿಡಬೇಕು. ಅಲ್ಲಿ ನಾನು ಜೇನಿನ ಪರ ವಾದಿಸಲಾರೆ.

ನಮ್ಮ ಬೀದಿಯ ಆ ಪೆಟ್ಟಿಗೆಗೆ ಇಂಥ ಕಾರಣವೇನೂ ಇರಲಿಲ್ಲ. ಆದರೂ ಅದು ಊರಾಚೆಯ ತೋಟಕ್ಕೆ ಹೋಯಿತು. ಹೆಜ್ಜೇನು ಮರುವರ್ಷವೂ ಬಂದು ಅದೇ ತೊಟ್ಟಿಯ ಅಡಿಯಲ್ಲಿ ಕಟ್ಟಿತು.