ಸಾಕುವ ಹಲ್ಲಿಗೆ ಏನು ತಿನ್ನಿಸಬೇಕು?

ಗೋಡೆಯ ಮೇಲೆ ಹಲ್ಲಿ ಕಂಡರೆ ನೀವೇನು ಮಾಡುತ್ತೀರಿ? ನಮ್ಮಲ್ಲಿ ಹೆಚ್ಚಿನವರ ಕೈ ನೇರ ಪೊರಕೆಯ ಕಡೆ ಹೋಗುತ್ತದೆ. ಅಂಥದ್ದರಲ್ಲಿ ಹಲ್ಲಿಯನ್ನು ದುಡ್ಡು ಕೊಟ್ಟು ತಂದು ಸಾಕುವುದೆಂದರೆ ನಗು ಬರಬಹುದು. ಆದರೆ ಕೊಲ್ಲಿಯ ನಗರಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೂ ಈ ಹವ್ಯಾಸ ಬಂದಿದೆ. ಶಾರ್ಜಾದಲ್ಲಿರುವ ನನ್ನ ತಂಗಿಯ ಮನೆಗೆ ಬಂದದ್ದು ಹೀಗೆಯೇ. ಹಟ ಮಾಡಿದ್ದು ಮಗ, ತಂದು ಕೊಟ್ಟದ್ದು ತಂದೆ. ನೋಡಿಕೊಳ್ಳುವ ಕೆಲಸ ಮಾತ್ರ ತಾಯಿಯ ಪಾಲಿಗೆ ಬಂತು!

ಅದು ಲೆಪರ್ಡ್ ಗೆಕೋ. ಹಳದಿ ಮೈ ಮೇಲೆ ಚಿರತೆಯಂತೆ ಕಪ್ಪು ಚುಕ್ಕೆ, ದಪ್ಪ ಬಾಲ. ನಮ್ಮ ಮನೆ ಹಲ್ಲಿಯಂತೆ ಗೋಡೆ ಹತ್ತುವುದಿಲ್ಲ, ಕಣ್ಣಿಗೆ ರೆಪ್ಪೆ ಇದೆ. ಅಫಘಾನಿಸ್ತಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುಪ್ರದೇಶ ಇದರ ಮೂಲ ನೆಲೆ. ಒಳ್ಳೆಯ ಆರೈಕೆ ಸಿಕ್ಕರೆ 15-20 ವರ್ಷ ಬದುಕುತ್ತದೆ.

ಅಂಗಡಿಯವನು ಒಂದು ಡಬ್ಬಿ ಹುಳ ಕೊಟ್ಟು, "ಇದಿಷ್ಟೇ ಸಾಕು" ಎಂದನಂತೆ. ಎಂಟು ತಿಂಗಳು ಅದೇ ಹುಳ. ಹುಳ ಮುಗಿದ ದಿನ ಒಂದು ತುಂಡು ಬಾಳೆಹಣ್ಣು, ನಾಲ್ಕು ಅಗುಳು ಅನ್ನ. ಒಂದು ಬೆಳಗ್ಗೆ ನೋಡಿದರೆ ಪ್ರಾಣಿ ಹಿಂಗಾಲನ್ನು ಎಳೆದುಕೊಂಡು ತೆವಳುತ್ತಿದೆ. ದವಡೆ ರಬ್ಬರಿನಂತೆ ಮೆತ್ತಗಾಗಿದೆ. ಎಕ್ಸ್‌ರೇ ತೆಗೆದ ಪಶುವೈದ್ಯರು ಹೇಳಿದರು: "ಮೂಳೆಯಲ್ಲಿ ಸುಣ್ಣದಂಶವೇ ಇಲ್ಲ." ಹೊಟ್ಟೆ ತುಂಬ ತಿನ್ನಿಸಿಯೂ ಅವರು ಅದನ್ನು ಉಪವಾಸ ಇಟ್ಟಿದ್ದರು.

ತಪ್ಪಿದ್ದೆಲ್ಲಿ?

ಮೊದಲನೆಯದಾಗಿ, ಲೆಪರ್ಡ್ ಗೆಕೋ ಕೀಟಗಳನ್ನು ಮಾತ್ರ ತಿನ್ನುವ ಪ್ರಾಣಿ. ಅನ್ನ, ರೊಟ್ಟಿ, ಹಣ್ಣು, ತರಕಾರಿ ಯಾವುದೂ ಅದಕ್ಕೆ ಆಹಾರವಲ್ಲ. ಎರಡನೆಯದಾಗಿ, ಒಂದೇ ಬಗೆಯ ಹುಳ ಸಾಲದು. ನಿಮ್ಮ ಅಡುಗೆಮನೆಯ ಗೋಡೆಯ ಹಲ್ಲಿಯನ್ನೇ ನೋಡಿ. ಒಂದು ರಾತ್ರಿಯಲ್ಲಿ ಅದು ಸೊಳ್ಳೆ, ಪತಂಗ, ಜೇಡ, ಇರುವೆ ಹೀಗೆ ಹತ್ತಾರು ಬಗೆ ತಿನ್ನುತ್ತದೆ. ತನಗೆ ಬೇಕಾದದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯೊಳಗಿನದ್ದಕ್ಕೆ ಆ ಸ್ವಾತಂತ್ರ್ಯ ಇಲ್ಲ. ನಾವು ಕೊಟ್ಟದ್ದೇ ಅದರ ಊಟ, ನಾವು ಮರೆತದ್ದೇ ಅದರ ಕೊರತೆ.

ಏನು ಕೊಡಬೇಕು?

ರಾತ್ರಿ ಕಿರ್ರೆನ್ನುವ ಚಿಮ್ಮಂಡೆ, ಸಾಕಲೆಂದೇ ಬೆಳೆಸುವ ಡುಬಿಯಾ ಜಿರಳೆ, ರೇಷ್ಮೆಹುಳ, ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳ - ಇವನ್ನು ಬದಲಾಯಿಸಿ ಬದಲಾಯಿಸಿ ಕೊಡಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಮೀಲ್‌ವರ್ಮ್ ಇವುಗಳ ಜೊತೆಗೆ ಇರಲಿ, ಅದೊಂದೇ ಬೇಡ. ಮೇಣದ ಹುಳದಲ್ಲಿ ಕೊಬ್ಬು ಹೆಚ್ಚು. ಮಕ್ಕಳಿಗೆ ಚಾಕಲೇಟು ಕೊಟ್ಟಂತೆ ಅದನ್ನು ಯಾವಾಗಲಾದರೊಮ್ಮೆ ಕೊಟ್ಟರೆ ಸಾಕು.

ಕೀಟದ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಗಲವನ್ನು ಮೀರಬಾರದು. ಮರಿಗಳಿಗೆ ದಿನವೂ ಕೊಡಬೇಕು. ಬೆಳೆದವುಗಳಿಗೆ ವಾರಕ್ಕೆ ಎರಡು ಮೂರು ಬಾರಿ ಸಾಕು. ಇದು ಮುಸ್ಸಂಜೆಯ ನಂತರ ಚುರುಕಾಗುವ ಪ್ರಾಣಿ, ಆದ್ದರಿಂದ ಸಂಜೆಯೇ ಊಟದ ಹೊತ್ತು. ತಿನ್ನದೆ ಉಳಿದ ಚಿಮ್ಮಂಡೆಗಳನ್ನು ತೆಗೆದುಬಿಡಿ. ಇಲ್ಲವಾದರೆ ರಾತ್ರಿ ಅವೇ ಹಲ್ಲಿಯನ್ನು ಕಚ್ಚುತ್ತವೆ. ಕುಡಿಯುವ ನೀರನ್ನು ದಿನವೂ ಬದಲಾಯಿಸಿ.

ಹುಳಕ್ಕೂ ಊಟ ಬೇಕು

ಹಸಿದ ಹುಳವನ್ನು ತಿಂದರೆ ಹಲ್ಲಿಗೇನು ಸಿಕ್ಕೀತು? ಆದ್ದರಿಂದ ಕೊಡುವುದಕ್ಕೆ ಒಂದೆರಡು ದಿನ ಮೊದಲೇ ಹುಳಗಳಿಗೆ ಸೊಪ್ಪು, ಕ್ಯಾರೆಟ್ ತಿನ್ನಿಸಿ. ಹೆಚ್ಚಿನ ಕೀಟಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ. ಹೀಗಾಗಿ ಕೊಡುವ ಮುನ್ನ ಕೀಟಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು, ನಾವು ಮೀನಿಗೆ ಹಿಟ್ಟು ಸವರಿದ ಹಾಗೆ. ಈ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು. ಆದರೆ ಡಿ3 ಮತ್ತು ವಿಟಮಿನ್ ಎ ಅತಿಯಾದರೂ ಅಪಾಯ. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಸರೀಸೃಪಗಳ ಬಗ್ಗೆ ತಿಳಿದ ಪಶುವೈದ್ಯರಿಂದಲೇ ಕೇಳಿಕೊಳ್ಳಿ.

ಇನ್ನೊಂದು ಮಾತು. ಎ.ಸಿ. ಹಾಕಿದ ಕೋಣೆಯಲ್ಲಿ ಹಲ್ಲಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಅದರ ಮೈಗೆ ಸ್ವಂತ ಬಿಸಿ ಇಲ್ಲ. ಪೆಟ್ಟಿಗೆಯ ಒಂದು ಬದಿಯಲ್ಲಿ 31-33 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿನ ಜಾಗ ಇರಲೇಬೇಕು. ನೆಲಕ್ಕೆ ಸಡಿಲ ಮರಳು ಹಾಸಬೇಡಿ. ಊಟದ ಜೊತೆ ಮರಳನ್ನೂ ನುಂಗಿ ಕರುಳು ಕಟ್ಟಿಕೊಳ್ಳುತ್ತದೆ. ಪೊರೆ ಬಿಟ್ಟಾಗ ತನ್ನ ಪೊರೆಯನ್ನೇ ತಿಂದರೆ ಗಾಬರಿಯಾಗಬೇಡಿ, ಅದು ಸಹಜ.

ಇವು ಬೇಡ

ತೋಟದಿಂದ, ಬೀದಿ ದೀಪದ ಕೆಳಗಿನಿಂದ ಹಿಡಿದ ಹುಳ ಬೇಡ. ಅವುಗಳ ಮೇಲೆ ಕೀಟನಾಶಕ ಬಿದ್ದಿರಬಹುದು. ಮಿಂಚುಹುಳವನ್ನಂತೂ ಕೊಡಲೇಬಾರದು, ಅದರ ವಿಷ ಹಲ್ಲಿಯನ್ನು ಕೊಲ್ಲಬಲ್ಲದು.

ಎಲ್ಲ ಗೆಕೋಗಳಿಗೂ ಒಂದೇ ಊಟ ಎಂದೂ ತಿಳಿಯಬೇಡಿ. ನ್ಯೂ ಕ್ಯಾಲಿಡೋನಿಯಾ ದ್ವೀಪದ ಕ್ರೆಸ್ಟೆಡ್ ಗೆಕೋ ಹಣ್ಣನ್ನೂ ತಿನ್ನುತ್ತದೆ. ಅಳಿದೇ ಹೋಯಿತು ಎಂದುಕೊಂಡಿದ್ದ ಈ ಜಾತಿ 1994ರಲ್ಲಿ ಮತ್ತೆ ಕಂಡುಬಂತು. ಅದಕ್ಕೆಂದೇ ತಯಾರಿಸಿದ, ನೀರಲ್ಲಿ ಕಲಸಿ ಕೊಡುವ ಪುಡಿ ಆಹಾರ ಸಿಗುತ್ತದೆ. ಆದ್ದರಿಂದ ಮನೆಗೆ ತರುವ ಮೊದಲು ಜಾತಿ ಯಾವುದೆಂದು ಕೇಳಿ ತಿಳಿಯಿರಿ.

ತಾಯಂದಿರೇ, ನಿಮ್ಮ ಗಮನಕ್ಕೆ

ಹಲ್ಲಿಗಳ ಮೈಯಲ್ಲಿ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಲೇಬೇಕು. ಅದರ ಪಾತ್ರೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳನ್ನು ದೂರವಿಡಿ. ಊರಿನಲ್ಲಿರುವವರು ಗಮನಿಸಿ: ನಮ್ಮ ಕಾಡು, ಗುಡ್ಡದ ಸರೀಸೃಪಗಳನ್ನು ಹಿಡಿದು ತಂದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೈಗೆ ಸಿಕ್ಕಿಬೀಳುತ್ತೀರಿ.

ತಂಗಿಯ ಮನೆಯ ಹಲ್ಲಿ ಬದುಕಿತು. ಆದರೆ ಒಂದು ಮುಂಗಾಲು ಸೊಟ್ಟಗೇ ಉಳಿಯಿತು. ಈಗ ಹುಳಗಳಿಗೆ ಸೊಪ್ಪು ಹಾಕುವುದು, ಪುಡಿ ಸವರುವುದು ಮಗನದೇ ಕೆಲಸ. ಕಳೆದ ರಜೆಗೆ ಊರಿಗೆ ಹೊರಡುವ ಮೊದಲು ಆತ ಕೇಳಿದನಂತೆ, "ಉಮ್ಮಾ, ನಾವಿಲ್ಲದ ಎರಡು ತಿಂಗಳು ಇದಕ್ಕೆ ಯಾರು ಉಣಿಸುತ್ತಾರೆ?" ಪಕ್ಕದ ಫ್ಲ್ಯಾಟಿನವರು ಒಪ್ಪಿಕೊಂಡ ಮೇಲೆಯೇ ಅವರು ಟಿಕೆಟ್ ತೆಗೆದದ್ದು.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಕೊಂದ ಹೆಂಗಸಿನ ಕಥೆ ನಮಗೆಲ್ಲ ಗೊತ್ತು. ನಿಮ್ಮ ಮಗುವೂ ಒಂದು ಪ್ರಾಣಿಗಾಗಿ ಹಟ ಹಿಡಿದರೆ ಬೆಲೆ ಕೇಳುವ ಮೊದಲು ಆ ಹುಡುಗ ಕೇಳಿದ ಪ್ರಶ್ನೆಯನ್ನೇ ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಪೆಟ್ಟಿಗೆ ಅಂಗಡಿಯಲ್ಲೇ ಇರಲಿ.