ಹಿಂದಿನಿಂದ ನೂಕುವ ಎಂಜಿನು

ಮೇಟುಪಾಳ್ಯದ ನಿಲ್ದಾಣದಲ್ಲಿ ನೀಲಗಿರಿಯ ರೈಲನ್ನು ಮೊದಲ ಬಾರಿಗೆ ನೋಡುವ ಮಗು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಅಪ್ಪಾ, ಎಂಜಿನನ್ನು ಹಿಂದೆ ಯಾಕೆ ಕಟ್ಟಿದ್ದಾರೆ?” ಎತ್ತು ಮುಂದೆ, ಗಾಡಿ ಹಿಂದೆ ಎಂಬುದನ್ನು ಕಂಡು ಬೆಳೆದ ಕಣ್ಣಿಗೆ ಇದು ತಲೆಕೆಳಗಾದ ವ್ಯವಸ್ಥೆಯೇ ಸರಿ. ಅನೇಕ ಹಿರಿಯರು “ಅದು ಹಾಗೆಯೇ ಕಣೋ” ಎಂದು ಹೇಳಿ ಮಗುವನ್ನು ಡಬ್ಬಿಗೆ ಹತ್ತಿಸಿಬಿಡುತ್ತಾರೆ. ಆದರೆ ಆ ಒಂದು ಪ್ರಶ್ನೆಯ ಬೆನ್ನು ಹಿಡಿದು ಹೊರಟರೆ ನಮ್ಮ ಬೆಟ್ಟದಿಂದ ಅಮೆರಿಕದವರೆಗೆ ಹೋಗಿ, ಮರಳಿ ನಮ್ಮ ಮನೆಯ ಕೊಟ್ಟಿಗೆಗೇ ಬಂದು ನಿಲ್ಲಬಹುದು. ಈ ವಾರ ಆ ದಾರಿಯಲ್ಲಿ ಸ್ವಲ್ಪ ದೂರ ನಡೆಯೋಣ.

ನೀಲಗಿರಿಗೆ ರೈಲು ತರುವ ಮಾತು ಹುಟ್ಟಿದ್ದು 1854ರಲ್ಲಿ. ಕೆಲಸ ಪ್ರಾರಂಭವಾದದ್ದು 1891ರಲ್ಲಿ. 1899ರಲ್ಲಿ ರೈಲು ಕೂನೂರನ್ನು ಮುಟ್ಟಿತು. ಉದಕಮಂಡಲವನ್ನು ತಲುಪಿದ್ದು 1908ರಲ್ಲಿ. ಸುಮಾರು 46 ಕಿಲೋಮೀಟರಿನ ಈ ಹಾದಿ, 326 ಮೀಟರ್ ಎತ್ತರದಲ್ಲಿರುವ ಮೇಟುಪಾಳ್ಯದಿಂದ 2,203 ಮೀಟರ್ ಎತ್ತರದ ಉದಕಮಂಡಲಕ್ಕೆ ಏರುತ್ತದೆ. ಕಲ್ಲಾರಿನಿಂದ ಕೂನೂರಿನವರೆಗಿನ ಭಾಗವೇ ಅತ್ಯಂತ ಕಡಿದು. ಅಲ್ಲಿ ಸುಮಾರು ಹನ್ನೆರಡೂವರೆ ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರಿರುತ್ತೇವೆ. ನುಣುಪಾದ ಉಕ್ಕಿನ ಹಳಿಯ ಮೇಲೆ ನುಣುಪಾದ ಉಕ್ಕಿನ ಗಾಲಿ ಅಷ್ಟು ಏರನ್ನು ಹಿಡಿದು ಹತ್ತಲಾರದು, ಜಾರುತ್ತದೆ. ಆದುದರಿಂದ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಎರಡು ಉಕ್ಕಿನ ಪಟ್ಟಿಗಳನ್ನು ಹಾಸಿದ್ದಾರೆ. ಎಂಜಿನಿನ ಅಡಿಯಲ್ಲಿರುವ ಹಲ್ಲುಗಾಲಿ ಆ ಪಟ್ಟಿಗಳನ್ನು ಕಚ್ಚಿಕೊಂಡು ಮೇಲೇರುತ್ತದೆ. ಒಂದು ಪಟ್ಟಿಯ ಹಲ್ಲು ಇರುವಲ್ಲಿ ಮತ್ತೊಂದು ಪಟ್ಟಿಯ ಸಂದು ಬರುವಂತೆ ಅವನ್ನು ಜೋಡಿಸಿರುವುದರಿಂದ ಹಿಡಿತ ಒಂದು ಕ್ಷಣವೂ ತಪ್ಪುವುದಿಲ್ಲ. ಇದು ಸ್ವಿಟ್ಜರ್ಲೆಂಡಿನ ಕಾರ್ಲ್ ರೋಮನ್ ಆಬ್ಟ್ ಎಂಬ ಎಂಜಿನಿಯರನ ಕಲ್ಪನೆ.

ಇನ್ನು ಮಗುವಿನ ಪ್ರಶ್ನೆಗೆ ಬರೋಣ. ಎಂಜಿನು ಮುಂದೆ ನಿಂತು ಎಳೆಯುತ್ತಿದ್ದು, ನಡುವೆ ಒಂದು ಕೊಂಡಿ ಕಳಚಿತೆನ್ನಿ. ಹಿಂದಿನ ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ ಹೋಗುತ್ತವೆ. ಎಂಜಿನು ಕೆಳಬದಿಯಲ್ಲಿದ್ದು ನೂಕುತ್ತಿದ್ದರೆ ಕೊಂಡಿ ಕಳಚಿದರೂ ಡಬ್ಬಿಗಳು ಅದರ ಎದೆಗೆ ಒರಗಿ ನಿಲ್ಲುತ್ತವೆ. ಇಳಿಯುವಾಗಲೂ ಎಂಜಿನು ಕೆಳಬದಿಯಲ್ಲೇ ಇದ್ದು ಇಡೀ ಭಾರವನ್ನು ತಡೆದುಕೊಂಡು ಬರುತ್ತದೆ. ಆದರೆ ಹಿಂದಿರುವ ಚಾಲಕನಿಗೆ ಮುಂದಿನ ದಾರಿ ಕಾಣದು. ಅದಕ್ಕಾಗಿಯೇ ಡಬ್ಬಿಗಳ ಮೊಗಸಾಲೆಯಲ್ಲಿ ಬಾವುಟ ಹಿಡಿದ ಬ್ರೇಕಿನವರು ನಿಂತಿರುತ್ತಾರೆ. ಅವರೇ ಚಾಲಕನ ಕಣ್ಣು. ಹಿಂದಿರುವವನಿಗೆ ಬಲ, ಮುಂದಿರುವವನಿಗೆ ನೋಟ, ಇಬ್ಬರ ನಡುವೆ ನಂಬಿಕೆ: ಶತಮಾನ ದಾಟಿದ ಈ ರೈಲು ನಡೆಯುವುದು ಈ ಮೂರರಿಂದ.

ಎಂಜಿನನ್ನು ಹಿಂದಿಡುವ ಆಲೋಚನೆ ರೈಲಿಗೆ ಮಾತ್ರ ಸೀಮಿತವಲ್ಲ. ನಾವು ದಿನವೂ ಹತ್ತುವ ಆಟೋರಿಕ್ಷಾದ ಎಂಜಿನು ಹಿಂದೆಯೇ ಇದೆ. 2009ರಲ್ಲಿ ರಸ್ತೆಗಿಳಿದ ಟಾಟಾ ನ್ಯಾನೋ ಕಾರಿನ 624 ಸಿ.ಸಿ. ಎಂಜಿನೂ ಹಿಂದಿನ ಆಸನದ ಕೆಳಗಿತ್ತು. ದೊಡ್ಡ ದೊಡ್ಡ ಕಾರುಗಳ ನಾಡಾದ ಅಮೆರಿಕದಲ್ಲಿಯೂ ಇಂಥ ಪ್ರಯೋಗಗಳು ನಡೆದಿವೆ. ಪ್ರೆಸ್ಟನ್ ಟಕ್ಕರ್ ಎಂಬುವರು 1948ರಲ್ಲಿ ತಂದ ಟಕ್ಕರ್ ಕಾರಿಗೆ ಹೆಲಿಕಾಪ್ಟರಿನ ಎಂಜಿನನ್ನು ಮಾರ್ಪಡಿಸಿ ಹಿಂದೆ ಕೂರಿಸಿದ್ದರು. ಕಂಪನಿ ಮುಚ್ಚುವಷ್ಟರಲ್ಲಿ ತಯಾರಾದದ್ದು 51 ಕಾರುಗಳು ಮಾತ್ರ. ಆಶ್ಚರ್ಯವೆಂದರೆ ಅವುಗಳಲ್ಲಿ ಬಹುಪಾಲು ಇಂದಿಗೂ ಉಳಿದಿವೆ; ಅಭಿಮಾನಿಗಳು ಅವನ್ನು ಕಣ್ಣಿಗೆ ರೆಪ್ಪೆಯಂತೆ ಕಾಯ್ದಿದ್ದಾರೆ.

ಅದಕ್ಕಿಂತ ಹೆಚ್ಚು ಜನರ ಕೈಗೆ ಸಿಕ್ಕಿದ್ದು ಷೆವ್ರೊಲೆ ಕಂಪನಿಯ ಕಾರ್ವೇರ್. 1960ರಿಂದ 1969ರವರೆಗಿನ ಮಾದರಿಗಳಾಗಿ 17 ಲಕ್ಷಕ್ಕೂ ಹೆಚ್ಚು ಕಾರುಗಳು ಕಾರ್ಖಾನೆಯಿಂದ ಹೊರಬಂದವು. ಅದರ ಎಂಜಿನಿಗೆ ಆರು ಸಿಲಿಂಡರುಗಳು, ಮೂರು ಮೂರರಂತೆ ಎದುರುಬದುರಾಗಿ ಮಲಗಿದ್ದವು. ತಂಪಾಗಿಸಲು ನೀರಿಲ್ಲ, ಗಾಳಿಯೇ ಗತಿ. ಎಂಜಿನಿನ ನೆತ್ತಿಯ ಮೇಲೆ ಅಡ್ಡಲಾಗಿ ಕೂತ ಬೀಸಣಿಗೆಯನ್ನು ಒಂದು ರಬ್ಬರ್ ಪಟ್ಟಿ ತಿರುಗಿಸುತ್ತದೆ. ಆ ಪಟ್ಟಿ ನೆಟ್ಟಗೆ ಓಡುವುದಿಲ್ಲ, ನಡುವೆ ಹೊರಳಿ ದಿಕ್ಕು ಬದಲಿಸುತ್ತದೆ. ಅದು ಹರಿದರೆ ಗಾಳಿ ನಿಲ್ಲುತ್ತದೆ. ಎಂಜಿನು ಬೆಂದುಹೋಗುವ ಮೊದಲು ಬಂಡಿಯನ್ನು ನಿಲ್ಲಿಸಬೇಕು. ಆದ್ದರಿಂದ ಕಾರ್ವೇರ್ ಸಾಕುವವರು ಒಂದು ಪಟ್ಟಿಯನ್ನೂ ಅದನ್ನು ಬದಲಿಸುವ ಸ್ಪ್ಯಾನರನ್ನೂ ಸದಾ ಜೊತೆಯಲ್ಲಿ ಒಯ್ಯುತ್ತಾರೆ. ಅದರ ಇನ್ನೊಂದು ಕಾಯಿಲೆ ಎಣ್ಣೆ ಸೋರುವುದು. ವಾಲ್ವುಗಳನ್ನು ನೂಕುವ ಕಡ್ಡಿಗಳು ಹನ್ನೆರಡು ಕೊಳವೆಗಳೊಳಗೆ ಆಡುತ್ತವೆ. ಪ್ರತಿ ಕೊಳವೆಯ ಎರಡು ತುದಿಗೂ ಒಂದೊಂದು ರಬ್ಬರ್ ಬಳೆ. ಕಾವಿಗೆ ಆ 24 ಬಳೆಗಳು ಗಟ್ಟಿಯಾಗಿ ಬಿರಿದರೆ ಎಣ್ಣೆ ಕಾದ ಎಂಜಿನಿನ ಮೇಲೆ ತೊಟ್ಟಿಕ್ಕುತ್ತದೆ, ಹೊಗೆ ಎದ್ದು ಕಾರಿನೊಳಗೂ ವಾಸನೆ ತುಂಬುತ್ತದೆ. ಶಾಖ ತಾಳುವ ಹೊಸ ಬಗೆಯ ರಬ್ಬರು ಬಂದ ಬಳಿಕ ಈ ರೋಗಕ್ಕೆ ಮದ್ದು ದೊರೆಯಿತು. ಕೆಲವು ಕಾಸಿನ ಬಳೆ ಸವೆದಾಗ ಇಡೀ ಕಾರೇ ಕೆಟ್ಟದ್ದೆಂದು ಎಸೆಯುವವರೂ ಇದ್ದರು, ಬಳೆ ಬದಲಿಸಿ ಅರವತ್ತು ವರ್ಷ ಓಡಿಸಿದವರೂ ಇದ್ದಾರೆ. ವ್ಯತ್ಯಾಸವಿದ್ದದ್ದು ಕಾರಿನಲ್ಲಲ್ಲ, ರೋಗದ ಮೂಲವನ್ನು ಹುಡುಕುವ ತಾಳ್ಮೆಯಲ್ಲಿ.

ಆದರೆ ಈ ಕಾರು ಲೋಕಪ್ರಸಿದ್ಧವಾದದ್ದು ಬೇರೊಂದು ಕಾರಣಕ್ಕೆ. ಭಾರವೆಲ್ಲ ಹಿಂದಿದ್ದರೆ ಏರು ಹತ್ತಲು ಹಿಂಗಾಲಿಗಳಿಗೆ ಒಳ್ಳೆಯ ಹಿಡಿತ ಸಿಗುತ್ತದೆ ನಿಜ. ಆದರೆ ವೇಗವಾಗಿ ತಿರುವು ತೆಗೆದುಕೊಂಡಾಗ ಆ ಭಾರವೇ ಕಾರಿನ ಹಿಂಭಾಗವನ್ನು ಹೊರಕ್ಕೆ ಎಳೆಯುತ್ತದೆ. ಮಕ್ಕಳು ಇದನ್ನು ಅಂಗಳದಲ್ಲಿಯೇ ಪರೀಕ್ಷಿಸಬಹುದು. ಒಂದು ಕಡ್ಡಿಯ ತುದಿಗೆ ಜೇಡಿಮಣ್ಣಿನ ಮುದ್ದೆ ಮೆತ್ತಿ, ಮುದ್ದೆ ಮುಂದಿರುವಂತೆ ಎಸೆದರೆ ಅದು ನೆಟ್ಟಗೆ ಹಾರುತ್ತದೆ; ಮುದ್ದೆ ಹಿಂದಿರುವಂತೆ ಎಸೆದರೆ ನಡುದಾರಿಯಲ್ಲಿ ಹೊರಳಿ ಭಾರದ ತುದಿಯೇ ಮುಂದಾಗಲು ಹವಣಿಸುತ್ತದೆ. ಕಾರನ್ನು ಹೊರಳಿಸುವುದು ಗಾಳಿಯಲ್ಲ, ಟೈರಿನ ಹಿಡಿತ. ಆದರೂ ಭಾರ ಎಲ್ಲಿದೆ ಎಂಬುದರ ಮಹಿಮೆ ಎರಡೂ ಕಡೆ ಒಂದೇ. ಇದನ್ನು ಸರಿದೂಗಿಸಲು ಕಂಪನಿಯವರು ಮುಂದಿನ ಟೈರುಗಳಿಗೆ 15 ಪೌಂಡು, ಹಿಂದಿನವಕ್ಕೆ 26 ಪೌಂಡು ಗಾಳಿ ತುಂಬಬೇಕೆಂದು ಹೇಳಿದ್ದರು. ಎಲ್ಲ ಕಾರಿಗೂ ನಾಲ್ಕು ಗಾಲಿಗೂ ಒಂದೇ ಸಮ ಎಂದು ತುಂಬುವ ಅಭ್ಯಾಸದವರು ಆ ಅಂಕಿಗಳನ್ನು ಗಮನಿಸದೆ ಹೋದರೆ ಕಾರಿನ ಸಮತೋಲವೇ ಕೆಡುತ್ತಿತ್ತು.

1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲರು ಕಾರು ಕಂಪನಿಗಳ ಅಸಡ್ಡೆಯನ್ನು ಕುರಿತು ಬರೆದ ಪುಸ್ತಕದ ಮೊದಲ ಅಧ್ಯಾಯವೇ ಈ ಕಾರಿನ ಮೇಲಿತ್ತು. ಪ್ರಯಾಣಿಕರ ಸುರಕ್ಷತೆಗಾಗಿ ಅಮೆರಿಕ ಮರುವರ್ಷವೇ ಕಾನೂನು ಮಾಡಲು ಆ ಪುಸ್ತಕವೂ ಒಂದು ಪ್ರೇರಣೆಯಾಯಿತು. ಅಷ್ಟರಲ್ಲಿ ಕಂಪನಿಯು ಹಿಂದಿನ ಅಚ್ಚಿನ ಜೋಡಣೆಯನ್ನು 1964ರಲ್ಲಿ ತಿದ್ದಿ, 1965ರ ಮಾದರಿಯಲ್ಲಿ ಪೂರ್ತಿ ಬದಲಿಸಿತ್ತು. 1972ರಲ್ಲಿ ಸರಕಾರದ ಸಂಸ್ಥೆಯೇ ಹಳೆಯ ಮಾದರಿಯನ್ನು ಪರೀಕ್ಷಿಸಿ, ಅದೇ ಕಾಲದ ಇತರ ಕಾರುಗಳಿಗಿಂತ ಇದು ಹೆಚ್ಚು ಅಪಾಯಕಾರಿಯಲ್ಲವೆಂದು ವರದಿ ನೀಡಿತು. ಆದರೆ ಅದಕ್ಕೆ ಮೂರು ವರ್ಷ ಮೊದಲೇ ಕಾರಿನ ತಯಾರಿಕೆ ನಿಂತುಹೋಗಿತ್ತು. ಪ್ರಶ್ನೆ ಕೇಳಿದ್ದು ತಪ್ಪಲ್ಲ. ಆ ಪ್ರಶ್ನೆಯಿಂದ ಲಕ್ಷಾಂತರ ಜನರಿಗೆ ಒಳಿತಾಯಿತು. ಆದರೆ ಒಮ್ಮೆ ಅಂಟಿದ ಹೆಸರು ಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯುವುದಿಲ್ಲ ಎಂಬುದನ್ನೂ ಮಕ್ಕಳು ತಿಳಿದಿರಲಿ.

ನಮ್ಮ ಬೆಟ್ಟದವರಿಗೆ ಈ ಪಾಠ ಹೊಸದಲ್ಲ. ಮಸಿನಗುಡಿಯಿಂದ ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿ ಇಳಿದವರಿಗೆಲ್ಲ ಗೊತ್ತು: ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ನಂಬಿ ಇಳಿದವರ ಬ್ರೇಕು ಕಾದು ಹಿಡಿತ ಬಿಡುತ್ತದೆ. ಎಂಜಿನು ಓಡಿಸುವುದಕ್ಕೆ ಮಾತ್ರವಲ್ಲ, ತಡೆಯುವುದಕ್ಕೂ ಇದೆ. ಮೇಟುಪಾಳ್ಯದ ರೈಲು ಮಗುವಿಗೆ ಹೇಳುವುದೂ ಇದನ್ನೇ.

ಇನ್ನು ಉಳಿಸಿಕೊಳ್ಳುವ ಮಾತು. ನಮ್ಮ ರೈಲಿನ ‘ಎಕ್ಸ್’ ವರ್ಗದ ಉಗಿ ಎಂಜಿನುಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನ ಕಾರ್ಖಾನೆಯಿಂದ ಬಂದವು. ಕೆಲವು 1914ರಿಂದ 1925ರ ನಡುವೆ, ಉಳಿದವು 1952ರಲ್ಲಿ. ಅವಕ್ಕೆ ನಾಲ್ಕು ಸಿಲಿಂಡರುಗಳು. ಸಮತಟ್ಟಾದ ಹಾದಿಯಲ್ಲಿ ಕೆಳಗಿನ ಎರಡು ಮಾತ್ರ ಗಾಲಿಗಳನ್ನು ತಿರುಗಿಸುತ್ತವೆ. ಹಲ್ಲುಪಟ್ಟಿಯ ಏರು ಬಂದಾಗ ಅವು ಬಳಸಿ ಬಿಟ್ಟ ಉಗಿಯೇ ಮೇಲಿನ ಎರಡು ಸಿಲಿಂಡರುಗಳಿಗೆ ಹೋಗಿ ಹಲ್ಲುಗಾಲಿಯನ್ನು ನಡೆಸುತ್ತದೆ. ಒಮ್ಮೆ ದುಡಿದ ಉಗಿ ಎರಡನೆಯ ಬಾರಿ ದುಡಿಯುತ್ತದೆ. ಒಂದೇ ಒಲೆಯ ಕಾವಿನಲ್ಲಿ ಅನ್ನ ಬೆಂದ ಮೇಲೆ ನೀರು ಕಾಯಿಸಿಕೊಳ್ಳುವ ಜಾಣ ಗೃಹಿಣಿಯ ಹಾಗೆ. ಇಂಥ ಯಂತ್ರಕ್ಕೆ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲ. ನೀರಿನ ಕರೆ ಕಟ್ಟದಂತೆ ಬಾಯ್ಲರನ್ನು ತೊಳೆಯಬೇಕು, ಸವೆದ ಹಲ್ಲನ್ನು ಅಳೆಯಬೇಕು, ಹೊಸ ತುಂಡನ್ನು ಕಡೆದು ಕೂರಿಸಬೇಕು. ಇದನ್ನೆಲ್ಲ ಕೂನೂರಿನ ಶೆಡ್ಡಿನ ಕೆಲಸಗಾರರು ಪುಸ್ತಕ ಓದಿ ಕಲಿತದ್ದಕ್ಕಿಂತ ಹಿರಿಯರ ಪಕ್ಕದಲ್ಲಿ ನಿಂತು ಕಲಿತದ್ದೇ ಹೆಚ್ಚು.

ತಿರುಚಿರಾಪ್ಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ 2011ರಿಂದ ಇದೇ ವರ್ಗದ, ಎಣ್ಣೆ ಉರಿಸುವ ಹೊಸ ಎಂಜಿನುಗಳು ತಯಾರಾದವು. 2021ರಲ್ಲಿ ಕಲ್ಲಿದ್ದಲಿನದೂ ಒಂದು ಬಂತು. ಹೊಸದಾಗಿ ಕಟ್ಟಿದ್ದು ಹಳೆಯದಾದೀತೇ ಎಂದು ಕೆಲವರು ಮೂಗು ಮುರಿಯಬಹುದು. ಅಜ್ಜಿಯ ಕೈರುಚಿಯನ್ನು ಮೊಮ್ಮಗಳು ಹೊಸ ಪಾತ್ರೆಯಲ್ಲಿ ಉಳಿಸಿದರೆ ಅದು ಅಜ್ಜಿಯ ಅಡಿಗೆಯಲ್ಲವೇ? ನನಗಂತೂ ಉಳಿದದ್ದು ಕಬ್ಬಿಣಕ್ಕಿಂತ ಮಿಗಿಲಾದ ವಿದ್ಯೆ ಎಂದೇ ತೋರುತ್ತದೆ. ನೂರು ವರ್ಷದ ಹಿಂದೆ ಸಮುದ್ರದಾಚೆಯಿಂದ ತರಿಸಬೇಕಾಗಿದ್ದ ಯಂತ್ರವನ್ನು ಇಂದು ನಮ್ಮವರೇ ಮಾಡಬಲ್ಲರು. ಹಾಗೆಂದು ಮೂಲವನ್ನು ಕಡೆಗಣಿಸಬಾರದು. ಮೂಲ ಎಂಜಿನು ಕಣ್ಣೆದುರು ಇದ್ದುದರಿಂದಲೇ ಅದರಂತೆ ಮತ್ತೊಂದನ್ನು ಕಟ್ಟಲು ಸಾಧ್ಯವಾಯಿತು.

ನಮ್ಮ ಊರುಗಳಲ್ಲಿ ತೋಟದ ಮನೆಗಳ ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಕಾರೋ ಮೋಟಾರ್ ಸೈಕಲ್ಲೋ ಟಾರ್ಪಾಲಿನ ಅಡಿಯಲ್ಲಿ ಮಲಗಿರುವುದುಂಟು. ಗುಜರಿಯವನಿಗೆ ತೂಕಕ್ಕೆ ಕೊಡುವ ಮುನ್ನ ಒಂದು ವಿಷಯ ತಿಳಿದಿರಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ಬಂಡಿಗಳಿಗೆ ಕೇಂದ್ರ ಸರಕಾರವು 2021ರಲ್ಲಿ ಪ್ರತ್ಯೇಕ ನಿಯಮ ತಂದಿದೆ. ಚಾಸಿ, ಮೈಕಟ್ಟು, ಎಂಜಿನು ಬದಲಾಗಿರಬಾರದು. ಅಂಥ ಬಂಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ದುರಸ್ತಿಗೆ ಓಡಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಆದ್ದರಿಂದ ಅವಸರದಲ್ಲಿ ಎಂಜಿನನ್ನು ಕಿತ್ತು ಬೇರೆಯದನ್ನು ಕೂರಿಸಬೇಡಿ, ಹಳೆಯ ಕಾಗದಗಳನ್ನು ಎಸೆಯಬೇಡಿ. ಇಂಥವನ್ನು ಕಣ್ಣಾರೆ ನೋಡಬೇಕೆಂದರೆ ಕೊಯಮುತ್ತೂರಿನಲ್ಲಿ ಜಿ. ಡಿ. ನಾಯ್ಡು ಅವರ ಹೆಸರಿನ ಪರಂಪರೆಯ ಕಾರು ಸಂಗ್ರಹಾಲಯವಿದೆ. ಧರ್ಮಸ್ಥಳದಲ್ಲಿಯೂ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಶಾಲೆಯ ಪ್ರವಾಸಕ್ಕೆ ಎರಡೂ ಯೋಗ್ಯವಾದವು.

ಕೊನೆಯದಾಗಿ ತಂದೆತಾಯಂದಿರಲ್ಲಿ ಒಂದು ಬಿನ್ನಹ. ಮನೆಯಲ್ಲಿ ಹಳೆಯ ಯಂತ್ರವೊಂದನ್ನು ಬಿಚ್ಚುವಾಗ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಚ್ಚು, ಕೀಲು, ಗುಂಬ, ಅರೆಕಾಲು, ಹಲ್ಲುಗಾಲಿ, ಕೀಲೆಣ್ಣೆ ಎಂಬ ಮಾತುಗಳನ್ನು ಆ ವಸ್ತುಗಳನ್ನು ಮುಟ್ಟಿಸಿಯೇ ಹೇಳಿಕೊಡಿ. ಇವು ಗಾಡಿಯ ಕಾಲದಿಂದ ನಮ್ಮ ನುಡಿಯಲ್ಲಿ ದುಡಿಯುತ್ತ ಬಂದ ಮಾತುಗಳು. ಪಠ್ಯಪುಸ್ತಕದಲ್ಲಿ ಮಾತ್ರ ಉಳಿದ ಕನ್ನಡ ಟಾರ್ಪಾಲಿನ ಅಡಿಯ ಕಾರಿನಂತೆ. ತುಕ್ಕು ಹಿಡಿಯುವುದು ಕಾಣದೆಯೇ ನಡೆಯುತ್ತದೆ. ವಾರಕ್ಕೊಮ್ಮೆಯಾದರೂ ಎಂಜಿನನ್ನು ಚಾಲೂ ಮಾಡಿ ಎಣ್ಣೆ ಹರಿಯಬಿಡಬೇಕು ಎನ್ನುತ್ತಾರೆ ಹಳೆಯ ಮೇಸ್ತ್ರಿಗಳು. ಗಡಿಯಾಚೆಯ ನಾಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುತ್ತಿರುವ ನೀವು ಮಾಡುತ್ತಿರುವುದೂ ಅದೇ ಕೆಲಸ. ಹಿಂದೆ ನಿಂತು ನೂಕುವವರು ಮುಂದಿನವರ ಕಣ್ಣಿಗೆ ಕಾಣುವುದಿಲ್ಲ; ಆದರೆ ಏರು ಹತ್ತುವುದು ಅವರಿಂದಲೇ.