ರೇಡಿಯೋದಲ್ಲಿ ಬಂದ ಕಂಪ್ಯೂಟರ್ ಪ್ರೋಗ್ರಾಂ: ‘ಶಬ್ದ’ ಪಾಠಕ್ಕೊಂದು ಸಲಹೆ

ಪಾಠಯೋಜನೆಯಲ್ಲಿ ‘ತಂತ್ರಜ್ಞಾನದ ಬಳಕೆ’ ಎಂಬಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಬರೆಯುವುದು ಒಂದೇ: ಯೂಟ್ಯೂಬ್ ವಿಡಿಯೋ. ಪ್ರೊಜೆಕ್ಟರ್ ಇದ್ದರೆ ತೋರಿಸುತ್ತೇವೆ, ಇಲ್ಲದಿದ್ದರೆ ಲಿಂಕನ್ನು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಮನೆಯ ಒಂದೇ ಫೋನು ತಂದೆಯ ಜೊತೆ ಕೆಲಸಕ್ಕೆ ಹೋಗಿದ್ದರೆ ಆ ಲಿಂಕ್ ಮಗುವಿಗೆ ತಲಪುವುದು ರಾತ್ರಿ. ಕೆಲವೊಮ್ಮೆ ತಲಪುವುದೇ ಇಲ್ಲ. ತಂತ್ರಜ್ಞಾನವೆಂದರೆ ಇಂಟರ್ನೆಟ್ ಎಂಬ ಈ ಅಭ್ಯಾಸವನ್ನು ಪ್ರಶ್ನಿಸಲು ಹಳೆಯ ಉದಾಹರಣೆಯೊಂದಿದೆ. ಅದನ್ನು ಪ್ರೌಢಶಾಲೆಯ ‘ಶಬ್ದ’ ಪಾಠದಲ್ಲೇ ಕಲಿಸಬೇಕು ಎಂಬುದು ನನ್ನ ಅಭಿಪ್ರಾಯ.

1980ರ ದಶಕದ ಆರಂಭದಲ್ಲಿ ಯುರೋಪಿನ ಅನೇಕ ಮನೆಗಳ ಕಂಪ್ಯೂಟರುಗಳು ಪ್ರೋಗ್ರಾಂಗಳನ್ನು ಹಾಡಿನ ಕ್ಯಾಸೆಟ್ಟಿನಂಥದೇ ಕ್ಯಾಸೆಟ್ಟಿನಲ್ಲಿ ಉಳಿಸುತ್ತಿದ್ದವು. ಕ್ಯಾಸೆಟ್ಟಿನಲ್ಲಿರುವುದು ಶಬ್ದವಾದರೆ ಅದನ್ನು ಪ್ರಸಾರವೂ ಮಾಡಬಹುದಲ್ಲವೇ? ನೆದರ್‌ಲ್ಯಾಂಡ್ಸ್‌ನ ‘ಹಾಬಿಸ್ಕೂಪ್’ ರೇಡಿಯೋ ಕಾರ್ಯಕ್ರಮ ಅದನ್ನೇ ಮಾಡಿತು. 1983ರಲ್ಲಿ ಬೆಲ್‌ಗ್ರೇಡ್ ರೇಡಿಯೋದ ‘ವೆಂಟಿಲೇಟರ್ 202’ರಲ್ಲಿ ಜೋರಾನ್ ಮೋಡ್ಲಿ ಕೂಡ ಇಂಥ ಪ್ರಸಾರ ಆರಂಭಿಸಿದರು. ಕೇಳುಗರು ಆ ಕೀರಲು ಶಬ್ದವನ್ನು ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡು ಕಂಪ್ಯೂಟರಿಗೆ ಕೇಳಿಸಿದರೆ ಪ್ರೋಗ್ರಾಂ ಸಿದ್ಧ.

ತೊಡಕು ಒಂದಿತ್ತು: ಒಂದು ಕಂಪನಿಯ ಕಂಪ್ಯೂಟರಿನ ಶಬ್ದ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಅದಕ್ಕಾಗಿ ಡಚ್ಚರು ‘ಬೇಸಿಕೋಡ್’ ಎಂಬ ಸಾಮಾನ್ಯ ರೂಪ ಕಟ್ಟಿದರು. ಅದರಲ್ಲಿ 0 ಎಂದರೆ 1200 ಹರ್ಟ್ಸ್‌ನ ಒಂದು ಅಲೆ, 1 ಎಂದರೆ 2400 ಹರ್ಟ್ಸ್‌ನ ಎರಡು ಅಲೆ. ಎರಡಕ್ಕೂ ಹಿಡಿಯುವ ಸಮಯ ಸೆಕೆಂಡಿನ 1200ನೇ ಒಂದು ಭಾಗ. ಒಂದು ಅಕ್ಷರಕ್ಕೆ 11 ಬಿಟ್. ಅಂದರೆ ಸೆಕೆಂಡಿಗೆ ಸುಮಾರು 109 ಅಕ್ಷರ. ಒಬ್ಬರು ಕೇಳಿದರೂ ಸಾವಿರ ಜನ ಕೇಳಿದರೂ ಪ್ರಸಾರದ ಹೊತ್ತು ಅಷ್ಟೇ.

ಆವೃತ್ತಿ, ಅವಧಿ, 20ರಿಂದ 20,000 ಹರ್ಟ್ಸ್‌ವರೆಗಿನ ಶ್ರವಣ ವ್ಯಾಪ್ತಿ: ಪಾಠದ ಕಲಿಕಾಂಶಗಳೆಲ್ಲ ಇದರೊಳಗಿವೆ. ಬೋಧನೋಪಕರಣ ಎರಡು ಗಾಜಿನ ಲೋಟ, ಒಂದು ಚಮಚ. ನೀರು ತುಂಬಿದ ಲೋಟದ ತಗ್ಗು ದನಿ 0, ಖಾಲಿ ಲೋಟದ ಏರು ದನಿ 1. ಇಂಗ್ಲಿಷಿನ ‘ಎ’ ಅಕ್ಷರದ ಸಂಕೇತ 65, ದ್ವಿಮಾನದಲ್ಲಿ 1000001. ಒಬ್ಬರು ಬಾಗಿಲ ಹಿಂದೆ ನಿಂತು ಬಡಿಯಲಿ, ತರಗತಿ ಬರೆದುಕೊಳ್ಳಲಿ. ನನ್ನ ಬೋಧನಾಭ್ಯಾಸದ ಶಾಲೆಯಲ್ಲಿ ಇದನ್ನು ಮಾಡಿಸಿದಾಗ ರಸ್ತೆಯ ಬಸ್ಸಿನ ಹಾರ್ನ್‌ಗೆ ಒಂದು ಬಡಿತ ಕೇಳಿಸಲಿಲ್ಲ. “ತಪ್ಪಿದೆ ಅಂತ ಗೊತ್ತಾಗುವುದು ಹೇಗೆ, ಟೀಚರ್?” ಎಂದು ಒಬ್ಬಳು ಕೇಳಿದಳು. ಬೇಸಿಕೋಡ್ ಕಟ್ಟಿದವರಿಗೂ ಎದುರಾದ ಪ್ರಶ್ನೆಯಿದು. ಅವರು ಪ್ರೋಗ್ರಾಂನ ಕೊನೆಯಲ್ಲಿ ಒಂದು ತಾಳೆ ಸಂಖ್ಯೆ ಸೇರಿಸಿದ್ದರು. ಆ ಪ್ರಶ್ನೆ ವಿಡಿಯೋ ನೋಡುತ್ತಾ ಕುಳಿತ ತರಗತಿಯಿಂದ ಬರುವುದು ಕಷ್ಟ.

‘ಸತ್ತ ತಂತ್ರಜ್ಞಾನಕ್ಕೆ ಅವಧಿ ಹಾಳು ಮಾಡುವುದೇಕೆ, ಪರೀಕ್ಷೆಯಲ್ಲಿ ಬರುವುದಿಲ್ಲವಲ್ಲ’ ಎಂಬ ಆಕ್ಷೇಪವನ್ನು ಬಲ್ಲೆ. ಚಟುವಟಿಕೆಗೆ ಬೇಕಾದದ್ದು ಹತ್ತು ನಿಮಿಷ. ಪರೀಕ್ಷೆಯಲ್ಲಿ ಬರುವ ಆವೃತ್ತಿ ಮತ್ತು ಅವಧಿಯ ಲೆಕ್ಕಕ್ಕೆ ಅದು ನೇರ ನೆರವು. ಇನ್ನು, ಇವತ್ತು ರೇಡಿಯೋದಲ್ಲಿ ಸಾಫ್ಟ್‌ವೇರ್ ಹಂಚಿ ಎಂದು ನಾನು ಹೇಳುತ್ತಿಲ್ಲ. ಆದರೆ ಮಂಗಳೂರಿನಲ್ಲಿ 1976ರಿಂದ ಆಕಾಶವಾಣಿ ಇದೆ, ಸಂತ ಅಲೋಶಿಯಸ್‌ನ ಸಮುದಾಯ ರೇಡಿಯೋ ‘ಸಾರಂಗ್’ 107.8ರಲ್ಲಿದೆ. ಡೇಟಾ ಖರ್ಚಿಲ್ಲದೆ ತಲಪುವ ಈ ದಾರಿ ನಮ್ಮ ಪಾಠಯೋಜನೆಗಳಲ್ಲಿ ಕಾಣುವುದು ತೀರ ಅಪರೂಪ.

ಹಾಬಿಸ್ಕೂಪ್‌ನವರು ಕೇಳುಗರ ಮನೆಯಲ್ಲಿ ಆಗಲೇ ಇದ್ದ ರೇಡಿಯೋ, ಟೇಪ್ ರೆಕಾರ್ಡರ್‌ಗಳನ್ನು ನೋಡಿ ದಾರಿ ಆರಿಸಿಕೊಂಡರು. ನಾವು ಮೊದಲು ವಿಡಿಯೋ ಆರಿಸಿ, ಮನೆಯಲ್ಲಿ ಏನಿದೆಯೆಂದು ಆಮೇಲೆ ಕೇಳುತ್ತೇವೆ. ಪಾಠಯೋಜನೆಯ ನಮೂನೆಯಲ್ಲಿ ‘ತಂತ್ರಜ್ಞಾನದ ಬಳಕೆ’ಯ ಕೆಳಗೆ ಇನ್ನೊಂದು ಸಾಲು ಸೇರಿಸುವಂತೆ ನಮ್ಮ ಉಪನ್ಯಾಸಕರಲ್ಲಿ ವಿನಂತಿ: ‘ಇದು ಯಾವ ಮಕ್ಕಳಿಗೆ ತಲಪುವುದಿಲ್ಲ? ಅವರಿಗೇನು ವ್ಯವಸ್ಥೆ?’